ಕಾರಿನ ಎಡಬದಿಯ ಗೀರು

ಕಾರು ತೊಳೆಯುವವನಿಗೆ ನನ್ನ ಮೇಲೆ ಬೇಜಾರು. ತಿಂಗಳಿಗೆರಡು ಸಲ ಅವನ ಹತ್ತಿರ ಹೋಗುತ್ತೇನೆ. ಎರಡು ಸಲವೂ ಅವನು ಎಡಬದಿಯ ಹಿಂದಿನ ಬಾಗಿಲ ಕೆಳಗೆ ಕುಕ್ಕರಗಾಲಲ್ಲಿ ಕೂತು, ಅಲ್ಲಿರುವ ಮೊಳದುದ್ದದ ಗೀರನ್ನು ಬೆರಳಿನಿಂದ ಸವರಿ, ಇದನ್ನು ತೆಗೆಸಿಬಿಡಿ, ಅರ್ಧ ದಿನದ ಕೆಲಸ ಅನ್ನುತ್ತಾನೆ. ನಾನು ಬೇಡ ಅನ್ನುತ್ತೇನೆ. ಆಮೇಲೆ ಬಾಗಿಲು ತೆಗೆದು, ಹತ್ತುವ ಜಾಗದಲ್ಲಿ ಕಂಪನಿಯ ಹೆಸರು ನೀಲಿ ದೀಪದಲ್ಲಿ ಹೊಳೆಯುವ ಸ್ಟೀಲಿನ ಪಟ್ಟಿ ಇದೆಯಲ್ಲ, ಅದರ ಸಂದಿಯಲ್ಲಿ ಕೂತ ಅರಿಶಿಣ ತೋರಿಸಿ, ಇದನ್ನಾದರೂ ತಿಕ್ಕಲೇ ಅನ್ನುತ್ತಾನೆ. ಅದಕ್ಕೂ ಬೇಡ ಅನ್ನುತ್ತೇನೆ. ಹೋದ ವಾರ ಅವನಿಗೆ ತಡೆಯಲಾಗಲಿಲ್ಲ. "ಇಷ್ಟು ದೊಡ್ಡ ಗಾಡಿ ತಗೊಂಡು ಹಿಂಗ ಇಟ್ಕೊಂಡೀರಲ್ರಿ ಸರ, ಜೀವ ಹೆಂಗ ತಡೀತೈತ್ರಿ?" ಅಂತ ಕೇಳಿಯೇಬಿಟ್ಟ. ನನ್ನ ಹಿಂದೆ ಇನ್ನೂ ಎರಡು ಗಾಡಿ ಕಾಯುತ್ತಿದ್ದವು, ಅವನಿಗೆ ಹೇಳಲಾಗಲಿಲ್ಲ. ನಿಮಗೆ ಹೇಳುತ್ತೇನೆ, ನಿಮಗೇನು ಅವಸರವಿಲ್ಲವಲ್ಲ.

ಮೊದಲು ನನ್ನ ಕೆಟ್ಟ ಚಾಳಿ ತಿಳಿಸಿಬಿಡಬೇಕು. ಬಳ್ಳಾರಿಯಲ್ಲಿ ನನ್ನದೊಂದು ಜೀನ್ಸ್ ಹೊಲಿಸುವ ಯೂನಿಟ್ ಇದೆ. ಮೂವತ್ತು ವರ್ಷದಿಂದ ಪ್ಯಾಂಟಿಗೆ ಏನಾದರೂ ಅಂಟಿಸುವುದೇ ನನ್ನ ಬದುಕಾಗಿದೆ: ಜೇಬು, ಜೇಬಿನ ಮೇಲೊಂದು ಜೇಬು, ತಾಮ್ರದ ಗುಂಡಿ, ಚರ್ಮದ ಚೀಟಿ, ಯಾತಕ್ಕೂ ಬರದ ಒಂದು ಜಿಪ್. ಒಮ್ಮೆ ಹನ್ನೊಂದು ಜೇಬಿನ ಪ್ಯಾಂಟು ಮಾಡಿದ್ದೆ. ಅದನ್ನು ಹಾಕಿಕೊಂಡ ನಮ್ಮ ಪೈಕಿಯವನೊಬ್ಬ ಸಿರುಗುಪ್ಪದ ಬಸ್ಸು ಹತ್ತಿ, ಟಿಕೆಟ್ ಎಲ್ಲಿಟ್ಟೆ ಅಂತ ಹುಡುಕುವುದರಲ್ಲಿ ಸಿರುಗುಪ್ಪ ಬಂದುಬಿಟ್ಟಿತಂತೆ. ಒಂದು ವಸ್ತು ತನ್ನ ಪಾಡಿಗೆ ತಾನು ಪೂರ್ತಿಯಾಗಿದ್ದರೆ ನನಗೆ ಸಮಾಧಾನವಿಲ್ಲ.

ಇಂಥವನ ಕೈಗೆ ಗುಡ್ಡದಂಥ ಗಾಡಿ ಸಿಕ್ಕರೆ ಏನಾಗಬೇಕು ಹೇಳ್ರಿ. ಮೊದಲನೆಯದಾಗಿ ಬಣ್ಣ ಕರಿದೇ ಬೇಕೆಂದು ಹಟ ಹಿಡಿದೆ. ನಮ್ಮೂರ ಧೂಳಿನಲ್ಲಿ ಕರಿ ಕಾರು ಕರಿದಾಗಿರುವುದು ತೊಳೆದ ಅರ್ಧ ಗಂಟೆ ಮಾತ್ರ. ಎರಡನೆಯದಾಗಿ, ಅಷ್ಟೆತ್ತರದ ಗಾಡಿಯಿಂದ ಇಳಿಯುವವನು ಯಾರೋ ಲೀಡರ್ ಇರಬೇಕು ಅಂತ ನಮ್ಮ ಜನ ತೀರ್ಮಾನಿಸಿಬಿಟ್ಟಿದ್ದಾರೆ. ಬಳ್ಳಾರಿಯ ಗಾಂಧಿನಗರದ ಒಂದು ಮದುವೆಗೆ ಹೋದಾಗ ಒಬ್ಬರು ಓಡಿಬಂದು, ಬಾಗಿಲು ತೆಗೆದು, ಕೊರಳಿಗೆ ಹಾರ ಹಾಕಿ, ಆಮೇಲೆ ಮುಖ ನೋಡಿ, ಹಾರ ವಾಪಸ್ ತೆಗೆದುಕೊಂಡು ಹೋದರು. ನನ್ನ ಹೆಂಡತಿ ಸರೋಜ ಅದನ್ನು ಇನ್ನೂ ಮರೆತಿಲ್ಲ, ಮರೆಯಲು ನನ್ನನ್ನೂ ಬಿಟ್ಟಿಲ್ಲ.

ಆದರೆ ಗಾಡಿ ತೆಗೆದುಕೊಂಡದ್ದು ಮೆರೆಯುವುದಕ್ಕಲ್ಲ. ಸ್ವಲ್ಪ ಮೆರೆದದ್ದು ಹೌದು, ಸುಳ್ಳು ಯಾಕೆ ಹೇಳಲಿ. ತೆಗೆದುಕೊಂಡದ್ದು ಮಾತ್ರ ಗಂಗಕ್ಕನಿಗಾಗಿ.

ನಾವು ಕುರುಗೋಡಿನವರು. ಅವ್ವ ತೀರಿಕೊಂಡಾಗ ನನಗೆ ನಾಲ್ಕು ವರ್ಷ, ಅಕ್ಕನಿಗೆ ಹನ್ನೆರಡು. ಮರುದಿನದಿಂದ ಬಾಗಿಲಿಗೆ ನೀರು ಹಾಕಿದವಳು, ಹೊಸ್ತಿಲು ತೊಳೆದು ಅರಿಶಿಣ ಹಚ್ಚಿದವಳು, ನನ್ನ ತಲೆ ಬಾಚಿದವಳು, ಎಲ್ಲಾ ಅವಳೇ. ನಮ್ಮ ಮನೆಯ ಹೊಸ್ತಿಲು ತೇಗದ್ದು, ಅದರಲ್ಲಿ ಮೂರು ಹಿತ್ತಾಳೆಯ ಹೂ ಕೂರಿಸಿದ್ದರು. ಅದು ನನಗೆ ಕುದುರೆ. ಎರಡೂ ಕಡೆ ಕಾಲು ಬಿಟ್ಟು ಕೂತು ಹೈ ಹೈ ಅನ್ನುತ್ತಿದ್ದಾಗ ಹಿಂದಿನಿಂದ ಅಕ್ಕನ ಕೈ ಬಂದು ಕಿವಿ ಹಿಡಿದು ಎತ್ತುತ್ತಿತ್ತು. ಹೊಸ್ತಿಲನ್ನು ದಾಟಬೇಕು, ತುಳಿಯಬಾರದು, ಕೂರುವುದಂತೂ ದೂರದ ಮಾತು ಅಂತ ಅವಳ ಪಾಠ. ನನ್ನ ಎಡಗಿವಿ ಬಲಗಿವಿಗಿಂತ ತುಸು ದೊಡ್ಡದಿದೆ, ಕಾರಣ ಅದೇ ಇರಬೇಕು.

ಅವಳನ್ನು ದೇಶನೂರಿಗೆ ಕೊಟ್ಟರು. ಅಲ್ಲಿಂದ ಮುಂದೆ ಪ್ರತಿ ವರ್ಷ ನಾಗರಪಂಚಮಿ ಬಂತೆಂದರೆ ಅಪ್ಪ ಬಂಡಿ ಕಟ್ಟಿ ಅವಳನ್ನು ತವರಿಗೆ ಕರೆಯಲು ಹೋಗುತ್ತಿದ್ದ, ಜೊತೆಗೆ ನಾನು. ಈಗ ಯೋಚಿಸಿದರೆ ನನ್ನ ಚಾಳಿ ಅಪ್ಪನಿಂದಲೇ ಬಂದದ್ದು. ಬಂಡಿಗೆ ಕಮಾನು ಕಟ್ಟಿ, ತಟ್ಟಿಯೊಳಗೆ ಹುಲ್ಲು ಹಾಸಿ, ಹುಲ್ಲಿನ ಮೇಲೆ ಕೌದಿ ಹಾಸಿ, ಎತ್ತಿನ ಕೊರಳಿಗೆ ಗೆಜ್ಜೆಸರ ಕಟ್ಟಿ, ಅಷ್ಟಾದರೂ ಇನ್ನೂ ಏನೋ ಕಮ್ಮಿ ಅಂತ ಸುತ್ತು ಹಾಕುತ್ತಿದ್ದ. ದೇಶನೂರಿಗೆ ಹೋಗಿ ಮುಟ್ಟಿದ ಮೇಲೆ ಇನ್ನೊಂದು ತಮಾಷೆ. ಅಕ್ಕನ ಮನೆಯ ಮುಂದೆ ಕಲ್ಲಿನ ಕಟ್ಟೆ ಇತ್ತು, ಈಗಲೂ ಇದೆ. ಹೊರಡುವ ಹೊತ್ತಿಗೆ ಅಪ್ಪ ಬಂಡಿಯ ಹಿಂಬದಿಯನ್ನು ಆ ಕಟ್ಟೆಗೆ ಒತ್ತಿ ನಿಲ್ಲಿಸಲೇಬೇಕು. ಎತ್ತಿಗೆ ಹಿಂದೆ ಸರಿ ಅನ್ನುವುದು, ಮದುವೆಮನೆಯಲ್ಲಿ ಊಟಕ್ಕೆದ್ದವನಿಗೆ ಕೂತ್ಕೋ ಅಂದ ಹಾಗೆ. ಅವು ಮುಂದೆ ಹೋಗುತ್ತಿದ್ದವು, ಪಕ್ಕಕ್ಕೆ ಹೋಗುತ್ತಿದ್ದವು, ಹಿಂದೆ ಮಾತ್ರ ಹೋಗುತ್ತಿರಲಿಲ್ಲ. ಅಪ್ಪ ಅವುಗಳ ವಂಶವನ್ನೆಲ್ಲ ಬೈದು, ಕಡೆಗೂ ನಾಲ್ಕು ಬೆರಳು ಅಂತರಕ್ಕೆ ತಂದು ನಿಲ್ಲಿಸುತ್ತಿದ್ದ. ಓಣಿಯವರಿಗೆಲ್ಲ ನಗು. ಅಪ್ಪನಿಗೆ ಅದೇನು ಹಟವೋ ಅಂತ ನನಗೂ ನಾಚಿಕೆಯಾಗುತ್ತಿತ್ತು.

ಅಪ್ಪ ಹೋದ ಮೇಲೆ ಕರೆಯುವ ಪಾಳಿ ನನ್ನದಾಯಿತು. ಬಸ್ಸಿನಲ್ಲಿ ಕರೆದುಕೊಂಡು ಬಂದೆ, ಸ್ಕೂಟರಿನಲ್ಲಿ ತಂದೆ, ಆಮೇಲೆ ಸಣ್ಣ ಕಾರಿನಲ್ಲಿ. ಕುರುಗೋಡಿನ ಮನೆ ಬಿದ್ದು, ಜಾಗ ಬೇರೆಯವರಿಗೆ ಹೋದ ಮೇಲೆ ಗಾಂಧಿನಗರದ ನನ್ನ ಮನೆಯೇ ಅವಳ ತವರು. ಬಂದಳೆಂದರೆ ಎಂಟು ದಿನ. ಉಂಡಿ ಕಟ್ಟುವುದು, ಸರೋಜಳ ಅಡಿಗೆಮನೆಯ ಡಬ್ಬಿಗಳನ್ನೆಲ್ಲ ಜಾಗ ಬದಲಿಸುವುದು, ನನ್ನನ್ನು ಹೆಸರು ಹಿಡಿದು ಬೈಯುವುದು. ಐವತ್ತೆಂಟು ವರ್ಷದವನನ್ನು ಲೇ ಈರ್ಯಾ ಅನ್ನುವವರು ಈಗ ಅವಳೊಬ್ಬಳೇ. ಮಿಕ್ಕವರಿಗೆಲ್ಲ ನಾನು ಈರಣ್ಣನವರು, ಅಥವಾ ಸರ.

ಮೂರು ವರ್ಷದ ಹಿಂದೆ ಅವಳ ಮೊಣಕಾಲು ಹೋದವು. ಆಪರೇಷನ್ ಎಂಬ ಮಾತೆತ್ತಿದರೆ ಸಾಕು, ಅದೇ ಮೊಣಕಾಲಲ್ಲಿ ಎದ್ದು ಒಳಗೆ ಹೋಗುತ್ತಾಳೆ. ತಗ್ಗಿನ ಕಾರಿನಲ್ಲಿ ಕೂರಬೇಕಾದರೆ ಕಾಲು ಮಡಚಬೇಕು, ಮಡಚಿದ್ದು ಮತ್ತೆ ಬಿಚ್ಚುವುದಿಲ್ಲ. ಎರಡು ಪಂಚಮಿ ಅವಳಿಲ್ಲದೆ ಕಳೆದವು. ಆಗಲೇ ನನಗೆ ಈ ಬುದ್ಧಿ ಬಂದದ್ದು: ಎತ್ತರದ ಗಾಡಿ ತೆಗೆದುಕೊಂಡರೆ ಕುರ್ಚಿಯ ಮೇಲೆ ಕೂತಂತೆ ಕೂತು ಬರಬಹುದಲ್ಲ. ಕೂರುವುದನ್ನು ಯೋಚಿಸಿದ ಜಾಣ, ಹತ್ತುವುದನ್ನು ಯೋಚಿಸಲಿಲ್ಲ.

ಹೋದ ವರ್ಷ ಪಂಚಮಿಗೆ ಆ ಗಾಡಿ ತೆಗೆದುಕೊಂಡು ದೇಶನೂರಿಗೆ ಹೋದೆ. ಓಣಿಗೆ ಓಣಿಯೇ ಬಂದು ನಿಂತಿತು. ಅಕ್ಕ ಹೊಸ ಸೀರೆ ಉಟ್ಟು, ಮಗ ಸೊಸೆಯ ಕೈ ಹಿಡಿದು ಮೆಟ್ಟಿಲಿಳಿದು ಬಂದಳು. ಕಾರಿನ ಹಿಡಿಕೆ ಹಿಡಿದು ಒಂದು ಕಾಲು ಎತ್ತಿದಳು. ಅದು ಮೇಲೆ ಮುಟ್ಟಿತು. ಇನ್ನೊಂದನ್ನು ನೆಲದಿಂದ ಬಿಡಿಸಲು ಆಗಲಿಲ್ಲ. ಮತ್ತೆ ನೋಡಿದಳು, ಮತ್ತೆ ಆಗಲಿಲ್ಲ. ಮಗ ಬಸವರಾಜ ಎತ್ತಿ ಕೂರಿಸುತ್ತೇನೆ ಅಂತ ತೋಳು ಚಾಚಿದ.

"ಯಾಕ, ನಾನೇನು ನೆಲ್ಲಿನ ಚೀಲೇನು?" ಅಂದಳು.

ಎಲ್ಲರೂ ನಕ್ಕರು, ಅವಳೂ ನಕ್ಕಳು. ಏಸಿ ಗಾಳಿ ತನಗೆ ಆಗಿಬರುವುದಿಲ್ಲ, ಚರ್ಮದ ಸೀಟಿನ ವಾಸನೆಗೆ ವಾಂತಿ ಬರುತ್ತದೆ ಅಂತ ಇಲ್ಲದ ನೆಪವನ್ನೆಲ್ಲ ಹೇಳಿ ಕಟ್ಟೆಯ ಮೇಲೆ ಕೂತಳು. ಉಂಡಿಯ ಡಬ್ಬಿಯನ್ನು ನನ್ನ ಕೈಗಿಟ್ಟು ಮೆಲ್ಲಗೆ ಅಂದದ್ದು ಇದು: "ಮುಂದಿನ ವರ್ಷ ಕರಿಯಾಕ ಬರಬ್ಯಾಡಪ. ನೀ ಬಂದು ಬರಿಗೈಲೆ ಹೋಗೋದು ನಿನಗೂ ಚಂದಲ್ಲ, ನನಗೂ ಚಂದಲ್ಲ. ತವರುಮನಿ ಅನ್ನೋದು ಇಲ್ಲಿಗೆ ಮುಗೀತು ಅನ್ಕೊಂತೀನಿ."

ಏಳು ಜನ ಕೂರುವ ಗಾಡಿಯಲ್ಲಿ ಒಬ್ಬನೇ ವಾಪಸ್ ಬಂದೆ. ಪಕ್ಕದ ಸೀಟಿನಲ್ಲಿ ಉಂಡಿಯ ಡಬ್ಬಿ. ಆ ಗಾಡಿಗೆ ಅದೂ ಒಂದು ಜೀವವೆಂದು ತೋರಿ, ಬೆಲ್ಟ್ ಹಾಕಿ ಅಂತ ದಾರಿಯುದ್ದ ಕುಂಯ್‌ಗುಟ್ಟಿತು. ನನಗೆ ಅಳು ಬಂತು, ಅತ್ತುಬಿಟ್ಟೆ. ಗಾಡಿಯ ಗಾಜು ಕಪ್ಪಗಿತ್ತು, ಯಾರಿಗೂ ಕಾಣಲಿಲ್ಲ.

ಅಲ್ಲಿಂದ ಮಸ್ತಾನ್ ಭಾಯಿಯ ಅಂಗಡಿಗೆ ನನ್ನ ಯಾತ್ರೆ ಶುರುವಾಯಿತು. ಕಾರಿನ ಸಾಮಾನು ಮಾರುವ ಅವನು ಕನ್ನಡದಲ್ಲಿ ಮಾತು ಶುರುಮಾಡಿ, ತೆಲುಗಿನಲ್ಲಿ ಆಸೆ ಹುಟ್ಟಿಸಿ, ಉರ್ದುವಿನಲ್ಲಿ ವ್ಯಾಪಾರ ಮುಗಿಸುತ್ತಾನೆ. ಹತ್ತಲು ಅನುಕೂಲವಾಗುವಂಥದ್ದು ಏನಾದರೂ ಬೇಕು ಅಂದೆ. ಬಾಗಿಲು ತೆಗೆದರೆ ತಾನೇ ಹೊರಗೆ ಬರುವ ಕರೆಂಟಿನ ಮೆಟ್ಟಿಲು ಕೂರಿಸಿದ. ಮೆಟ್ಟಿಲಿದ್ದ ಮೇಲೆ ಅದರ ಕೆಳಗೆ ದೀಪ ಬೇಡವೇ ಅಂದ. ದೀಪವಿದ್ದ ಮೇಲೆ ಬಾಗಿಲ ತಳಕ್ಕೆ ಹೊಳೆಯುವ ಪಟ್ಟಿ ಬೇಡವೇ ಅಂದ. ಅಕ್ಕನಿಗೆ ಹತ್ತಲು ಸಹಾಯವಾಗಲಿ ಅಂತ ಹೋದವನು ಕಾಲಿಗೆ ಮಸಾಜು ಮಾಡುವ ಯಂತ್ರ, ಮಜ್ಜಿಗೆ ತಂಪಾಗಿಡುವ ಫ್ರಿಜ್ಜು, ಎದುರಿಗೆ ನೊಣ ಬಂದರೂ ಕೂಗುವ ಸೆನ್ಸರು, ನಾಲ್ಕೂ ದಿಕ್ಕು ತೋರಿಸುವ ಕ್ಯಾಮೆರಾ ಎಲ್ಲ ಹಾಕಿಸಿಕೊಂಡು ಬಂದೆ. ಹನ್ನೊಂದು ಜೇಬಿನ ಪ್ಯಾಂಟೇ ಮತ್ತೆ, ಬೇರೇನಲ್ಲ. ಅಕ್ಕನ ಕಾಲಿಗೆ ಎಷ್ಟು ಎತ್ತರ ಆಗುತ್ತದೆ ಅಂತ ಅವಳನ್ನೇ ಒಂದು ಮಾತು ಕೇಳ್ರಿ ಅಂತ ಸರೋಜ ಅಂದಳು. ಕೇಳಿದರೆ ಏನು ಮಜಾ, ಒಮ್ಮೆಲೆ ತೋರಿಸಬೇಕು ಅಂದೆ.

ದೀಪಾವಳಿಗೆ ಹೋಗಿ ಆ ಮೆಟ್ಟಿಲು ತೋರಿಸಿದೆ. ಬಾಗಿಲು ತೆಗೆದ ಕೂಡಲೇ ಅದು ಗುಂಯ್ ಅಂತ ಹೊರಗೆ ಬಂತು, ಓಣಿಯ ಕೋಳಿಗಳೆಲ್ಲ ಓಡಿಹೋದವು. ಅಕ್ಕ ಒಂದು ಕಾಲಿಟ್ಟಳು, ಆ ಕಾಲು ನಡುಗಿತು, ತೆಗೆದಳು. ಅದರಿಂದ ಕಾರಿನೊಳಕ್ಕೆ ಇನ್ನೂ ಒಂದು ಎತ್ತರ ಉಳಿದಿತ್ತು.

ಈಗ ನನ್ನ ದೊಡ್ಡ ತಪ್ಪಿಗೆ ಬರುತ್ತೇನೆ. ಕುರುಗೋಡಿನ ಬಿದ್ದ ಮನೆ ಬಿಚ್ಚಿದಾಗ ಹೊಸ್ತಿಲನ್ನು ಮಾತ್ರ ನಾನು ತಂದು ಯೂನಿಟ್ಟಿನ ಗೋದಾಮಿನಲ್ಲಿ ಬಟ್ಟೆಯ ಥಾನುಗಳ ಹಿಂದೆ ಇಟ್ಟಿದ್ದೆ. ಈ ವರ್ಷ ಆಷಾಢದಲ್ಲಿ ಅದು ಕಣ್ಣಿಗೆ ಬಿತ್ತು. ನೋಡುತ್ತಲೇ ತಲೆಯಲ್ಲಿ ಮಿಂಚು ಹೊಡೆಯಿತು: ಇದಕ್ಕೆ ಕಾಲು ಕೂರಿಸಿ ಒಂದು ಉದ್ದನೆಯ ಮಣೆ ಮಾಡಿಸಿದರೆ? ನೆಲದಿಂದ ಮಣೆಗೆ, ಮಣೆಯಿಂದ ಕರೆಂಟಿನ ಮೆಟ್ಟಿಲಿಗೆ, ಅಲ್ಲಿಂದ ಕಾರಿಗೆ. ಅಕ್ಕ ತನ್ನ ತವರಿನ ಕಟ್ಟಿಗೆಯ ಮೇಲೆ ಕಾಲಿಟ್ಟು ತವರಿಗೆ ಬರುತ್ತಾಳೆ. ಎಂಥಾ ಕಲ್ಪನೆ ನೋಡ್ರಿ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಬಡಿಗೇರನಿಗೆ ಕತ್ತರಿಸಬೇಡ ಅಂದಿದ್ದೆ, ಅದೊಂದು ಪುಣ್ಯ. ಕೆಳಗೆ ನಾಲ್ಕು ಕಾಲು ಸ್ಕ್ರೂ ಹಾಕಿ ಕೂರಿಸಿ, ಮೇಲೆ ಪಾಲಿಶ್ ಹೊಡೆದು ಕೊಟ್ಟ.

ಪಂಚಮಿಗೆ ಇನ್ನೂ ಮೂರು ವಾರವಿತ್ತು. ಒಮ್ಮೆ ಹತ್ತಿಸಿ ನೋಡೋಣ ಅಂತ ಸರೋಜಳನ್ನೂ ಕರೆದುಕೊಂಡು ಹೋದೆ. ಗದ್ದೆಯಲ್ಲಿ ನಾಟಿ ನಡೆದಿತ್ತು, ಓಣಿಯಲ್ಲಿ ಜನ ಕಮ್ಮಿ. ನಾನು ಗಾಡಿ ನಿಲ್ಲಿಸಿ, ಮಣೆ ಇಳಿಸಿ, ಅದನ್ನು ಬಾಗಿಲ ಮುಂದೆ ಇಟ್ಟು, ಬಾ ಅಕ್ಕ ಅಂದೆ. ಅವಳು ಮೆಟ್ಟಿಲಿಳಿದು ಬಂದು ಕಾಲೆತ್ತಿದಳು. ಎತ್ತಿದ ಕಾಲು ಹಾಗೇ ಕೆಳಗಿಟ್ಟಳು. ಸೊಸೆಯ ಭುಜ ಹಿಡಿದು ಕಷ್ಟಪಟ್ಟು ಬಗ್ಗಿ, ಮಣೆಯ ಮೇಲೆ ಬೆರಳಾಡಿಸಿದಳು. ಹಿತ್ತಾಳೆಯ ಹೂಗಳು ಎಂದೋ ಕಿತ್ತುಹೋಗಿದ್ದವು, ಅವುಗಳ ಮೂರು ಕುಳಿ ಪಾಲಿಶಿನ ಕೆಳಗೆ ಉಳಿದಿದ್ದವು. ಅವಳ ಬೆರಳು ಒಂದೊಂದನ್ನೇ ಹುಡುಕಿಕೊಂಡು ಹೋಯಿತು.

"ಇದು ನಮ್ಮ ಹೊಸ್ತಿಲಲ್ಲೇನೋ?"

ಹೌದು ಅಂದೆ. ನನ್ನ ಮುಖದಲ್ಲಿ ಇನ್ನೂ ನಗು ಇತ್ತು, ಅದನ್ನು ನೆನೆಸಿಕೊಂಡರೆ ಈಗಲೂ ಮೈ ಹಿಡಿಯಾಗುತ್ತದೆ.

"ಅವ್ವ ಹೋದ ಮರುದಿನದಿಂದ ಇದಕ ಅರಿಶಿಣ ಹಚ್ಚೀನಿ," ಅಂದಳು. "ಇದರ ಮ್ಯಾಲ ಕಾಲಿಡು ಅಂತೀ ಏನೋ ಈರ್ಯಾ?"

ಬೈದಿದ್ದರೆ ಚೆನ್ನಾಗಿತ್ತು. ಕಿವಿ ಹಿಂಡಿದ್ದರೆ ಇನ್ನೂ ಚೆನ್ನಾಗಿತ್ತು. ಅವಳು ಹೊಸ್ತಿಲು ಮುಟ್ಟಿದ ಕೈಯನ್ನು ಕಣ್ಣಿಗೆ ಒತ್ತಿಕೊಂಡು ಹೋಗಿ ಕಟ್ಟೆಯ ಮೇಲೆ ಕೂತುಬಿಟ್ಟಳು. ನಾನು ಪಾಲಿಶ್ ವಾಸನೆ ಬರುವ ಆ ಮಣೆಯನ್ನು ಹಿಡಿದುಕೊಂಡು ದಾರಿಯಲ್ಲಿ ನಿಂತಿದ್ದೆ. ಸರೋಜ ಅನ್ನಬೇಕಾದದ್ದನ್ನು ಮೊದಲೇ ಅಂದಿದ್ದಳು. ಕಡೆಗೆ ನಾನೇ ಹೋಗಿ ಅಕ್ಕನ ಪಕ್ಕ ಕೂತು, ಒಂದು ವರ್ಷದ ಹಿಂದೆ ಕೇಳಬೇಕಾಗಿದ್ದ ಮಾತನ್ನು ಅವತ್ತು ಕೇಳಿದೆ. "ತಪ್ಪಾತಕ್ಕ. ನೀನ ಹೇಳು, ನಿನ್ನ ಹೆಂಗ ಹತ್ತಿಸಲಿ?"

ಅವಳು ಮೂಗು ಒರೆಸಿಕೊಂಡಳು. ಆಮೇಲೆ ಕೂತ ಕಟ್ಟೆಯನ್ನು ಅಂಗೈಯಿಂದ ಎರಡು ಸಲ ಬಡಿದಳು.

"ಅಪ್ಪ ಬಂಡಿ ಎಲ್ಲಿ ನಿಲ್ಲಿಸ್ತಿದ್ದ?"

ಅಷ್ಟೇ. ನಲವತ್ತೆಂಟು ವರ್ಷದ ಹಿಂದೆ ನಾಚಿಕೆಯಿಂದ ತಲೆ ತಗ್ಗಿಸಿ ನಿಂತಿದ್ದ ಹುಡುಗ ಅವತ್ತು ತಲೆ ಎತ್ತಿ ನೋಡಿದ. ಮೊಳದೆತ್ತರದ ಕಟ್ಟೆ, ಮನೆಯೊಳಗಿನ ನೆಲದ ಮಟ್ಟಕ್ಕೆ ಸರಿಯಾಗಿದೆ. ಒಳಗಿನಿಂದ ನಡೆದುಬಂದರೆ ಹಾಗೇ ಕಟ್ಟೆ, ಕಟ್ಟೆಯಿಂದ ಹಾಗೇ ಬಂಡಿ. ನಾನು ಹಟ ಅಂದುಕೊಂಡದ್ದು, ತಾಯಿಯಿಲ್ಲದ ಮಗಳು ಬಂಡಿ ಹತ್ತುವಾಗ ಕಾಲು ಚಾಚಿ ಕಷ್ಟಪಡಬಾರದು ಅನ್ನುವ ಅಪ್ಪನ ಪ್ರೀತಿಯಾಗಿತ್ತು. ಮೊದಲೇ ಯಾಕೆ ಹೇಳಲಿಲ್ಲ ಅಂತ ಕೇಳಿದೆ. ನೀನು ಪ್ರತಿ ಸಲ ಏನಾದರೊಂದು ಹೊಸದು ಹಾಕಿಸಿಕೊಂಡು ಬರುತ್ತಿದ್ದೆ, ಅಷ್ಟು ಹೌಸಿನಿಂದ, ಆಸೆಪಟ್ಟು ತಂದದ್ದನ್ನು ಬೇಡ ಅನ್ನಲು ಮನಸ್ಸಾಗಲಿಲ್ಲ ಅಂದಳು. ಅಲ್ಲದೆ ಕಟ್ಟೆಗೆ ಹಚ್ಚಿದರೆ ಬಣ್ಣ ಹೋಗುತ್ತದಲ್ಲಪ್ಪ ಅಂದಳು.

ಹೋದರೆ ಹೋಗಲಿ ಅಂತ ಗಾಡಿ ಹತ್ತಿ ಕೂತೆ. ಆಗ ತಿಳಿಯಿತು, ಆ ಗಾಡಿಗೆ ನಾನು ಹಾಕಿಸಿದ ಸಾಮಾನೆಲ್ಲ ಯಾವುದರ ಹತ್ತಿರಕ್ಕೂ ಹೋಗದ ಹಾಗೆ ಕಾಯಲೆಂದೇ ಇದ್ದದ್ದು. ಕಟ್ಟೆ ಒಂದು ಮಾರು ದೂರ ಇರುವಾಗಲೇ ಸೆನ್ಸರು ಬಡಕೊಳ್ಳತೊಡಗಿತು. ಪರದೆಯ ತುಂಬ ಕೆಂಪು ಗೆರೆ. ಕನ್ನಡಿ ಮಡಚಿ, ಇನ್ನೂ ಒತ್ತಿದೆ. ಸರೋಜ ಹೊರಗೆ ನಿಂತು ಬರ್ರಿ, ಬರ್ರಿ ಅಂತ ಕೈ ಮಾಡುತ್ತಿದ್ದಳು, ಆಗೆಲ್ಲ ಎತ್ತುಗಳಿಗೆ ಅಪ್ಪ ಮಾಡುತ್ತಿದ್ದ ಹಾಗೆ. ಕರ್ರ್ ಅಂತ ಒಂದು ಸದ್ದು ಬಂತು. ಅದೇ ಈ ಗೀರು.

ಬಾಗಿಲು ತೆಗೆದೆ, ಕಟ್ಟೆಯ ಮೇಲೆ ನಾಲ್ಕು ಬೆರಳು ಅಂತರದಲ್ಲಿ ಬಾಗಿಲು ತೆರೆದುಕೊಂಡಿತು. ಕರೆಂಟಿನ ಮೆಟ್ಟಿಲು ಹೊರಗೆ ಬರಲು ನೋಡಿ, ಕಟ್ಟೆಗೆ ಬಡಿದು, ಒಳಗೆ ಹೋಗಿ, ಮತ್ತೆ ಬಂದು ಬಡಿಯಿತು. ಮೊದಲು ಅದರ ಬಾಯಿ ಮುಚ್ಚಿಸು ಅಂದಳು ಅಕ್ಕ. ಮುಚ್ಚಿಸಿದೆ. ಅವಳು ಒಳಗಿನಿಂದ ನಡೆದುಬಂದು ಕಾರಿನ ಬಾಗಿಲಲ್ಲಿ ನಿಂತಳು. ನೀಲಿ ದೀಪದ ಪಟ್ಟಿ ಹೊಳೆಯುತ್ತಿತ್ತು. ಇದೇನು ಅಂತ ಕೇಳಿದಳು. ಕಾರಿನ ಹೊಸ್ತಿಲು ಅಂತ ತಿಳಿ ಅಂದೆ. ಸೊಸೆಯಿಂದ ಅರಿಶಿಣ ತರಿಸಿ, ಮಸ್ತಾನ್ ಭಾಯಿ ಅಷ್ಟು ನಾಜೂಕಾಗಿ ಕೂರಿಸಿದ್ದ ಪಟ್ಟಿಗೆ ಮೂರು ಬೆರಳಿನಿಂದ ಬಳಿದು, ಅದನ್ನು ತುಳಿಯದೆ ದಾಟಿ, ಬಲಗಾಲಿಟ್ಟು ಒಳಗೆ ಬಂದು ಕೂತಳು. ಕೂತವಳು ಉಸಿರು ಬಿಟ್ಟು ನಕ್ಕಳು. ಅವತ್ತು ಕೆಂಚನಗುಡ್ಡದ ತನಕ ಹೋಗಿ, ಗಾಡಿಯಿಂದ ಇಳಿಯದೆಯೇ ಹೊಳೆ ನೋಡಿ, ಫ್ರಿಜ್ಜಿನ ಮಜ್ಜಿಗೆ ಕುಡಿದು ಬಂದೆವು. ಮಜ್ಜಿಗೆಗೆ ಉಪ್ಪು ಕಮ್ಮಿ ಅಂದಳು.

ವಾಪಸ್ ಕಟ್ಟೆಗೆ ತಂದು ನಿಲ್ಲಿಸಿ, ಹಾಗಾದರೆ ಈಗಲೇ ಬಳ್ಳಾರಿಗೆ ಹೊರಡೋಣವೇ ಅಂದೆ. ಅವಳು ನನ್ನನ್ನು ನೋಡಿದಳು. "ಹತ್ತೋದು ಆತು. ಅಲ್ಲಿ ಇಳಿಯೋದು ಎಲ್ಲಿ?"

ಗಾಂಧಿನಗರದ ನನ್ನ ಮನೆಗೆ ರಿಮೋಟಿನ ಗೇಟಿದೆ, ಕ್ಯಾಮೆರಾ ಇದೆ, ಕನ್ನಡಿಯಂತೆ ಹೊಳೆಯುವ ಮೂರು ಗ್ರಾನೈಟ್ ಮೆಟ್ಟಿಲಿದೆ. ಕಟ್ಟೆ ಇಲ್ಲ. ಪ್ಲಾನು ಹಾಕಿಸುವಾಗ ಜಾಗ ದಂಡ ಅಂತ ನಾನೇ ಬೇಡ ಅಂದಿದ್ದೆ.

"ಕಟ್ಟಿ ಕಟ್ಟಿಸಿ ಕರಿಯಾಕ ಬಾ," ಅಂದು ಇಳಿದುಹೋದಳು.

ಮರುದಿನವೇ ಕಟ್ಟೆ ಕಟ್ಟಲು ಗೌಂಡಿ ಬಂದ. ಈ ಸಲ ಕೇಳಿಯೇ ಮಾಡಿದೆ. ಎತ್ತರ ಎಷ್ಟು, ಅಗಲ ಎಷ್ಟು, ಅಂಚು ಗುಂಡಗಿರಬೇಕೋ ಚೂಪಗಿರಬೇಕೋ, ಎಲ್ಲವನ್ನೂ ದಿನಕ್ಕೆರಡು ಸಲ ಫೋನು ಮಾಡಿ ಅಕ್ಕನನ್ನೇ ಕೇಳಿದೆ, ಅವಳಿಗೆ ನನ್ನ ಕಾಟವೇ ಹೆಚ್ಚಾಯಿತು. ಸರೋಜ ತನ್ನ ಗುಲಾಬಿ ಕುಂಡಗಳನ್ನು ತಾನೇ ಎತ್ತಿ ಮಾಳಿಗೆಗೆ ಸಾಗಿಸಿದಳು. ವರಾಂಡದ ನೆಲದ ಮಟ್ಟಕ್ಕೆ, ಗಾಡಿ ನಿಲ್ಲುವ ಜಾಗದ ಪಕ್ಕದಲ್ಲಿ, ಒರಟು ಕಲ್ಲಿನ ಕಟ್ಟೆ ಎದ್ದಿತು. ಅದು ಮುಗಿದು ವರಾಂಡ ಶುರುವಾಗುವಲ್ಲಿ ಕುರುಗೋಡಿನ ಹೊಸ್ತಿಲನ್ನು, ಕಾಲು ಬಿಚ್ಚಿ, ಪಾಲಿಶ್ ಹೆರೆದು, ಎಡವದ ಹಾಗೆ ಎರಡು ಬೆರಳಷ್ಟೇ ಮೇಲೆ ಬಿಟ್ಟು ಕೂರಿಸಿದೆವು. ಮಸ್ತಾನ್ ಭಾಯಿ ಬಂದು ನೋಡಿದ. ಗಾಡಿಗೆ ಇದೊಂದು ಸಾಮಾನು ತನ್ನ ಅಂಗಡಿಯಲ್ಲಿ ಸಿಗುವುದಿಲ್ಲ ಅಂತ ಒಪ್ಪಿಕೊಂಡ. ಕರೆಂಟಿನ ಮೆಟ್ಟಿಲನ್ನು ಬಿಚ್ಚಿಕೊಂಡು ಹೋದ.

ಪಂಚಮಿಯ ಹಿಂದಿನ ದಿನ ದೇಶನೂರಿನ ಕಟ್ಟೆಯಿಂದ ಹತ್ತಿದವಳು ಗಾಂಧಿನಗರದ ಕಟ್ಟೆಗೆ ಬಂದು ಮುಟ್ಟಿದಳು. ಗಾಡಿಯನ್ನು ಒತ್ತಿ ನಿಲ್ಲಿಸಿದೆ, ಸೆನ್ಸರು ಕೂಗಿತು, ಕೂಗಲಿ ಅಂದೆ. ಅಕ್ಕ ಯಾರ ಕೈಯನ್ನೂ ಹಿಡಿಯದೆ ಕಟ್ಟೆಗೆ ಕಾಲಿಟ್ಟಳು. ಎರಡು ಹೆಜ್ಜೆ ನಡೆದು ನಿಂತಳು. ಹೊಸ್ತಿಲು ಕಂಡಿತ್ತು. ಬಹಳ ಹೊತ್ತು ನೋಡಿದಳು. ಕಟ್ಟೆ ಚೆನ್ನಾಗಿದೆ ಅನ್ನಲಿಲ್ಲ, ಗಾಡಿ ಚೆನ್ನಾಗಿದೆ ಅನ್ನಲಿಲ್ಲ. ಸೀರೆಯ ನಿರಿಗೆ ಎತ್ತಿ ಹಿಡಿದು, ಅದನ್ನು ಮೆಲ್ಲಗೆ ದಾಟಿ, ತಿರುಗಿ ನಿಂತು ಒಳಗೆ ಕೂಗಿದಳು.

"ಸರೋಜವ್ವಾ, ಅರಿಶಿಣದ ಬಟ್ಲ ಎಲ್ಲಿಟ್ಟಿ? ಹೊಸ್ತಿಲ ಹಿಂಗ ಬರಿದು ಇಡ್ತಾರೇನ?"

ನಾನು ಒರೆಸುವ ಬಟ್ಟೆ ತೆಗೆದುಕೊಂಡು ಕಾರಿನ ಆ ಕಡೆಗೆ ಹೋದೆ, ಧೂಳಿಲ್ಲದ ಜಾಗವನ್ನು ಬಹಳ ಹೊತ್ತು ಒರೆಸಿದೆ.